ಅತ್ತರು ಹಚ್ಚಿಕೊಂಡು ಸಾತನೂರಿನ ಹುಳುಮನೆಗೆ

ಮಾನ್ಯ ಓದುಗರ ಸನ್ನಿಧಿಗೆ ವಿನಯಪೂರ್ವಕ ನಮಸ್ಕಾರಗಳು. ಮಗಳ ಶಾಲೆಗೆ ಬರೆದ ರಜಾ ಅರ್ಜಿಗಳ ಹೊರತು ನಾನು ಈವರೆಗೆ ಏನನ್ನೂ ಬರೆದವಳಲ್ಲ. ಅಕ್ಷರ ಸೊಟ್ಟಗಿರುವುದಕ್ಕೂ ಕಾಗುಣಿತದ ದೋಷಗಳಿಗೂ ಮೊದಲೇ ಕ್ಷಮೆ ಕೋರುತ್ತೇನೆ.

ಮೇಲ್ಕಂಡ ಪ್ರಯಾಣಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ನನ್ನ ತವರು ಮಾಗಡಿ ತಾಲ್ಲೂಕಿನ ಕುದೂರು. ಮದುವೆಯಾದ ತಿಂಗಳಲ್ಲೇ ಪತಿಯೊಡನೆ ಮಸ್ಕತ್ತಿಗೆ ಹೋದೆ. ಅವರಿಗೆ ಅಲ್ಲಿ ಏಸಿ ರಿಪೇರಿ ಕೆಲಸ. ಮಗಳು ಮೇಘನಾ ಅಲ್ಲೇ ಬೆಳೆದು ಈಗ ಹತ್ತನೇ ತರಗತಿ ಮುಗಿಸಿದ್ದಾಳೆ. ತಿಳಿವಳಿಕೆ ಬಂದ ಮೇಲೆ ಅವಳು ಅಜ್ಜಿಯ ಮನೆಗೆ, ಅಂದರೆ ಸಾತನೂರಿನ ಬಳಿಯ ನನ್ನ ಅತ್ತೆಯವರ ಮನೆಗೆ, ಹೊರಟದ್ದು ಇದೇ ಮೊದಲು. "ಮಗೀನ ಎಂಗೆ ಬೆಳೆಸಿದ್ದೀಯೋ, ಬಂದಾಗ ನೋಡ್ತೀನಿ" ಎಂದು ಅತ್ತೆಯವರು ಫೋನಿನಲ್ಲಿ ಹೇಳಿದಂದಿನಿಂದ ನನಗೆ ನಿದ್ದೆ ಇರಲಿಲ್ಲ.

ಪತಿಗೆ ರಜೆ ಸಿಗದ ಕಾರಣ ನಾವಿಬ್ಬರೇ ಬೆಳಿಗ್ಗೆ ಚನ್ನಪಟ್ಟಣದಲ್ಲಿ ತಟ್ಟೆ ಇಡ್ಲಿ ತಿಂದು ಸಾತನೂರಿನ ಬಸ್ಸು ಹತ್ತಿದೆವು. ಬಿಸಿಲು ಜೋರಾಗಿತ್ತು. ಅತ್ತೆಯವರೆದುರು ಬೆವರಿನ ವಾಸನೆ ಶೋಭಿಸದೆಂದು ಮಸ್ಕತ್ತಿನ ಅತ್ತರನ್ನು ಮಗಳ ಕತ್ತಿಗೂ ನನ್ನ ಜಡೆಗೂ ಧಾರಾಳವಾಗಿ ಹಚ್ಚಿದೆ. ಕಾಲಿಗೆ ಬೀಳುವ ಕ್ರಮವನ್ನು ಬಾಯಿಮಾತಿನಲ್ಲಿ ಮತ್ತೊಮ್ಮೆ ಅಭ್ಯಾಸ ಮಾಡಿಸಿದೆ. ಕಂಡಕ್ಟರರು ಮೂಗು ಹಿಡಿದುಕೊಂಡು, "ಅಕ್ಕಾ, ಸೆಂಟ್ ಅಂಗ್ಡೀನೇ ಹೊತ್ಕಂಡ್ ಬಂದ್ಬುಟ್ರಾ? ಒಸಿ ಕಿಟಕಿ ತೆಗೀರಿ" ಎಂದರು. ಅದನ್ನು ನಾನು ಪ್ರಶಂಸೆಯೆಂದು ಪರಿಗಣಿಸಿದೆ.

ಸಾತನೂರಿನಿಂದ ಆಟೋದಲ್ಲಿ ಅತ್ತೆಯವರ ಊರು ತಲುಪಿದೆವು. ಅಂಗಳದಲ್ಲಿ ಕಾಲಿಡುತ್ತಿದ್ದಂತೆ, ರೇಷ್ಮೆ ಹುಳು ಸಾಕುವ ಕೋಣೆಯ ಬಾಗಿಲಿನಿಂದ ಅತ್ತೆಯವರು ಕೂಗಿದರು: "ಅಲ್ಲೇ ನಿಂತ್ಕಳ್ರೇ! ಏನ್ ಬಳ್ಕೊಂಡ್ ಬಂದಿದ್ದೀರಿ? ಇನ್ನೆರಡ್ಮೂರು ದಿನಕ್ಕೆ ಗೂಡು ಕಟ್ಟೋ ಹುಳ! ವಾಸ್ನೆ ತಾಗಿದ್ರೆ ಎಲ್ಲ ಸತ್ತೋಯ್ತವೆ!"

ರೇಷ್ಮೆ ಹುಳುವಿಗೆ ಸುಗಂಧವೇ ವಿಷವೆಂಬ ಅಂಶ ರಾಗಿ ಬೆಳೆಯುವ ಮನೆಯಿಂದ ಬಂದ ನನ್ನ ಗಮನದಲ್ಲಿರಲಿಲ್ಲ. ಮಗಳು ಕಲಿಸಿದ ಪ್ರಕಾರ ಬಗ್ಗುತ್ತಾ ಮುಂದೆ ಹೋದಳು. ಅತ್ತೆಯವರು ಹಿಂದೆ ಸರಿದರು.

"ಕಾಲಿಗೆ ಆಮೇಲೆ ಬೀಳೀವಂತೆ ಮಗಾ, ಮೊದ್ಲು ಬಚ್ಚಲಿಗೆ ಹೋಗು!"

ಸೂಟ್‌ಕೇಸಿನ ಬಟ್ಟೆಗಳೂ ಅತ್ತರಿನೊಡನೆಯೇ ವಿಮಾನದಲ್ಲಿ ಬಂದವಾದ್ದರಿಂದ, ಮೇಘನಾ ಸೀಗೆಪುಡಿಯಲ್ಲಿ ಮಿಂದು, ಅಜ್ಜಿಯ ಹಳೇ ಸೀರೆ ಸುತ್ತಿಕೊಂಡು ಹುಳುಗಳ ಕೋಣೆಯೊಳಗೆ ಹೋದಳು. ನನ್ನ ಜಡೆ ಮಾತ್ರ ಯಾವ ಸ್ನಾನಕ್ಕೂ ಬಗ್ಗಲಿಲ್ಲ. ನಾನು ಕೊಟ್ಟಿಗೆಯ ಪಕ್ಕ ಕುಳಿತು ಕಿವಿಗೊಟ್ಟೆ.

"ಅಜ್ಜಿ, ಮಳೆ ಬರ್ತಾ ಇದೆಯಾ?"

"ಮಳೆ ಅಲ್ಲ ಕಣವ್ವಾ, ಹುಳ ಸೊಪ್ಪು ತಿನ್ನೋ ಸದ್ದು."

ಸ್ವಲ್ಪ ಹೊತ್ತಿಗೆ ಅತ್ತೆಯವರು ಹೊರಬಂದು, ದೂರದಲ್ಲೇ ನಿಂತು, ನಾನು ಹೆದರಿ ಕಾಯುತ್ತಿದ್ದ ತೀರ್ಪನ್ನು ನೀಡಿದರು: "ಕೈ ಹಗುರ ಐತೆ ಕಣೇ. ಒಂದು ಹುಳಾನೂ ನೋಯಿಸ್ನಿಲ್ಲ. ಇವ್ಳಪ್ಪ ಈ ವಯಸ್ಸಲ್ಲಿ ಹುಳದ ತಟ್ಟೇನೇ ಕೆಡವ್ಬುಡೋನು!"

ಮರುದಿನ ನಾನು ಕುದೂರಿಗೆ ಹೊರಟೆ. ಗೂಡು ಕಟ್ಟುವುದನ್ನು ನೋಡದೆ ಬರುವುದಿಲ್ಲವೆಂದು ಮಗಳು ಉಳಿದಳು. ಬೀಳ್ಕೊಡಲು ಹುಳುಗಳ ಕೋಣೆಯ ಕಿಟಕಿಯವರೆಗೆ ಮಾತ್ರ ಬಂದಳು.

"ಹೊರಗೆ ಬಂದ್ರೆ ಮತ್ತೆ ಸ್ನಾನ ಮಾಡ್ಬೇಕಮ್ಮ. ಇಲ್ಲಿಂದ್ಲೇ ಟಾಟಾ. ಹತ್ರ ಬರ್ಬೇಡ, ನಿನ್ ಜಡೆ ಇನ್ನೂ ಗಮ್ಮಂತೈತೆ!"

ಮಸ್ಕತ್ತಿನಲ್ಲಿ ನನ್ನ ಕೈ ಹಿಡಿಯದೆ ರಸ್ತೆ ದಾಟದಿದ್ದವಳು. ತಿರುವಿನಲ್ಲಿ ಹಿಂತಿರುಗಿ ನೋಡಿದೆ, ಕಿಟಕಿ ಖಾಲಿಯಾಗಿತ್ತು. ಸೊಪ್ಪು ಹಾಕುವ ಹೊತ್ತು.

ಮಗಳನ್ನು ಬೆಳೆಸಿದ್ದರಲ್ಲಿ ಉಳಿದಿರುವ ತಪ್ಪುಗಳನ್ನು ಅತ್ತೆಯವರು ತಿದ್ದುತ್ತಿದ್ದಾರೆ. ಈ ಬರವಣಿಗೆಯಲ್ಲಿರುವವುಗಳನ್ನು ತಾವು ದಯಮಾಡಿ ತಿದ್ದಿಕೊಡಬೇಕಾಗಿ ವಿನಂತಿ.