ತಾಮ್ರ ತೆಗೆದ ನೀರು

ನನ್ನ ಸಂಶೋಧನೆ ಏನೆಂದು ಕೊಪ್ಪದಲ್ಲಿ ಯಾರಿಗಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಡಿಕೆ ಸಿಪ್ಪೆ ಸುಟ್ಟು, ಆ ಇದ್ದಿಲನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿಸಿ, ಅದರಿಂದ ನೀರಿನಲ್ಲಿರುವ ವಿಷದ ಲೋಹ ಹಿಡಿಯುವುದು. "ಓ, ಹೌದಾ" ಅನ್ನುತ್ತಾರೆ, ಆಮೇಲೆ ಬಸ್ಸು ಬಂತಾ ಎಂದು ರಸ್ತೆ ನೋಡುತ್ತಾರೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವವಳಿಗೆ ಬೇಜಾರಾಗದೆ ಇರುತ್ತದೆಯೇ? ಕೆಲವು ದಿನ ಕಂಡಕ್ಟರನ್ನು ಬಿಟ್ಟರೆ ಇನ್ಯಾರ ಹತ್ತಿರವೂ ನಾನು ಬಾಯಿ ಬಿಟ್ಟಿರುತ್ತಿರಲಿಲ್ಲ.

ಮೆಣಸೆ ಎಂಬ ಹಳ್ಳಿಯಲ್ಲಿ ನಾನು ಅಕ್ಕ ಎಂದು ಕರೆಯುವವರೊಬ್ಬರ ಮನೆ ಮಾತ್ರ ಬೇರೆ. ತೋಟದ ಕೂಲಿಗೆ ಹೋಗುವ ಅವರೂ ಒಂಟಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಔಷಧಿಯನ್ನು ಮೇಲಿನ ತೋಟದಲ್ಲಿ ಕಲಸುತ್ತಿದ್ದರು. ಡ್ರಮ್ಮು ತೊಳೆದ ನೀರು ಇಳಿದು ಬಂದು ಅಕ್ಕನ ಬಾವಿ ಸೇರುತ್ತಿತ್ತು. ಮೈಲುತುತ್ತವೆಂದರೆ ತಾಮ್ರವೇ. ಹಾಗಾಗಿ ಕುಡಿಯುವ ನೀರನ್ನು ಅವರು ದಿಬ್ಬದಾಚೆಯಿಂದ ಹೊತ್ತು ತರುತ್ತಿದ್ದರು.

ನನ್ನ ಕಪ್ಪು ಪುಡಿ ಅಂಟಿಸಿದ ಮರಳು ತುಂಬಿ ಬಾವಿಕಟ್ಟೆಯ ಪಕ್ಕ ಒಂದು ಫಿಲ್ಟರ್ ಕೂರಿಸಿದೆ. ವಾರಕ್ಕೊಮ್ಮೆ ಹೋಗಿ, ಅಕ್ಕ ತುಂಬಿಸಿಟ್ಟ ಬಾಟಲಿಯನ್ನು ಪರೀಕ್ಷೆಗೆ ತರುವುದು. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದುದು ಬಾಟಲಿಗಲ್ಲ. ಆ ಜಗಲಿಯಲ್ಲಿ ಕೂತು ಮಾತಾಡುವುದಕ್ಕೆ.

ಪ್ರಯೋಗಾಲಯದಲ್ಲಿ ಸರಿಯಾಗಿ ಕೆಲಸ ಮಾಡಿದ್ದ ಪುಡಿ ಮೆಣಸೆಯಲ್ಲಿ ಕೈಕೊಟ್ಟಿತು. ಪ್ರತಿ ಬಾಟಲಿಯಲ್ಲೂ ತಾಮ್ರ. ಕೊನೆಗೆ ಗೈಡ್ ಫೋನಿನಲ್ಲಿ, "ಸಾಕು, ಅದನ್ನು ಬಿಚ್ಚಿಕೊಂಡು ಬಾ" ಎಂದರು. ಪುಡಿ ಸೋತ ಬೇಸರಕ್ಕಿಂತ ಆ ಮನೆ ಕೈತಪ್ಪುವ ಸಂಕಟವೇ ನನಗೆ ದೊಡ್ಡದಾಯಿತು.

ಸ್ಪ್ಯಾನರ್ ಹಿಡಿದು ಹೋದೆ. ಅಂದು ಬಿಸಿಲು ಜೋರಿತ್ತು. ಕುಡಿಯಲು ನೀರು ಕೇಳಿದರೆ ಅಕ್ಕ ಒಳಗಿನಿಂದ ಫಳಫಳ ಹೊಳೆಯುವ ತಾಮ್ರದ ಕೊಡಪಾನವನ್ನೇ ಎತ್ತಿಕೊಂಡು ಬಂದರು.

"ಇದು ಎಲ್ಲಿತ್ತು ಅಕ್ಕ?"

"ಅಟ್ಟದ ಮೇಲಿತ್ತು. ನಿಮ್ ನೀರು ಇಷ್ಟು ಚೊಕ್ಕ ಬರ್ತದೆ, ಅದನ್ನ ಪ್ಲಾಸ್ಟಿಕ್ಕಲ್ಲಿ ಇಡೋದಾ ಮಾರಾಯ್ರೆ? ದಿನಾ ಹುಣಸೆಹಣ್ಣು ಹಾಕಿ ತಿಕ್ಕಿ ಇದ್ರಲ್ಲೇ ತುಂಬ್ಸಿಡ್ತೀನಿ. ನಿಮ್ ಬಾಟ್ಲಿಗೂ ಇದ್ರದ್ದೇ."

ಹುಳಿ ಹಾಕಿ ತಿಕ್ಕಿದ ತಾಮ್ರದಲ್ಲಿ ರಾತ್ರಿಯಿಡೀ ನಿಂತ ನೀರು! ನಾನು ಹೆಣಗಾಡಿ ತೆಗೆದದ್ದನ್ನು ಅಕ್ಕ ಭಕ್ತಿಯಿಂದ ವಾಪಸ್ ಹಾಕುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ವಿಷಯ ತಿಳಿಸಿದ ಮೇಲೆ ಅವರೂ ನಕ್ಕರು. "ಎಂತ ಕರ್ಮ!" ಎಂದು ಹಣೆ ಚಚ್ಚಿಕೊಂಡರು.

ಫಿಲ್ಟರಿನ ನಲ್ಲಿಯಿಂದ ನೇರವಾಗಿ ಹಿಡಿದ ಬಾಟಲಿಗಳ ಫಲಿತಾಂಶ ಚೆನ್ನಾಗಿ ಬಂತು. ಗೈಡ್ ಖುಷಿಯಾಗಿ, "ಭೇಷ್, ಅಲ್ಲಿಯ ಕೆಲಸ ಮುಗೀತು" ಎಂದರು. ಗೆದ್ದರೂ ಆ ಮನೆ ತಪ್ಪುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಫಿಲ್ಟರ್ ಅಲ್ಲೇ ಉಳಿಯಿತು. ಅಕ್ಕ ದಿಬ್ಬದಾಚೆಯಿಂದ ನೀರು ಹೊರುವುದು ಪೂರ್ತಿ ನಿಂತಿತು, ನಾನು ಮೆಣಸೆಗೆ ಹೋಗುವುದೂ ನಿಂತಿತು. ಕೋಣೆಯಲ್ಲಿ ಕೂತು ವರದಿ ಬರೆದೆ. ಸುಮ್ಮನೆ ನೋಡಿಕೊಂಡು ಬರಲು ಹೋಗಬಹುದಿತ್ತು. ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗುವ ಧೈರ್ಯ ನನಗಿಲ್ಲ.

ಒಂದು ಭಾನುವಾರ ಅಕ್ಕನ ಫೋನ್ ಬಂತು. "ಮೇಡಂ, ನೀರು ಸರಿಯಾಗಿ ಇಳೀತಾ ಇಲ್ಲ. ಒಂದ್ಸಲ ಬನ್ನಿ."

ಸಿಕ್ಕಿದ ಬಸ್ಸು ಹತ್ತಿದೆ. ಬಾವಿಕಟ್ಟೆಯ ಬಳಿ ನಲ್ಲಿ ತಿರುಗಿಸಿದರೆ ನೀರು ಸಲೀಸಾಗಿ ಬಿತ್ತು. ಅಕ್ಕನ ಮುಖ ನೋಡಿದೆ. ಅವರು ಬೇರೆ ಕಡೆ ನೋಡುತ್ತಾ, "ಕಡುಬು ಬೇಯಕ್ಕೆ ಇಟ್ಟಿದೀನಿ, ರಿಪೇರಿಗೆ ಹೊತ್ತಾಗ್ತದಲ್ಲ" ಎಂದರು.

"ಆಗ್ತದೆ ಅಕ್ಕ" ಎಂದೆ. ಹಾಳಾಗದ ಫಿಲ್ಟರನ್ನು ಬಿಚ್ಚಿ, ಸಂಜೆಯವರೆಗೂ ರಿಪೇರಿ ಮಾಡಿದೆ.