ನಿಲ್ಲಿಸದೆ ಓಡಿಸಬೇಕಾದ ಗಾಡಿ

ಹೊಸ ಡೀಸೆಲ್ ಪಿಕಪ್ ಮನೆಗೆ ಬಂದಾಗ ಅದನ್ನು ಓಡಿಸುವವರು ಯಾರೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ನಾನೇ ಮಾಡಿಕೊಂಡೆ. ನನ್ನ ಗಂಡ ಹೈಸ್ಕೂಲು ಮೇಷ್ಟ್ರು; ಬೆಳಿಗ್ಗೆ ಬೈಕ್ ಹತ್ತಿ ಹೋದರೆ ಸಂಜೆಗೇ ಅವರ ಮುಖ ಕಾಣುವುದು. ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವರು ನಾನು ಮತ್ತು ನನ್ನ ಅತ್ತೆ. ಹುಳುವಿಗೆ ಹೊತ್ತುಹೊತ್ತಿಗೆ ಹಸಿ ಸೊಪ್ಪು ಬೇಕು, ಸೊಪ್ಪಿನ ತೋಟ ಕೆರೆ ಏರಿಯ ಆಚೆ. ಬಾಡಿಗೆ ಟೆಂಪೋದವನಿಗೆ ಫೋನ್ ಮಾಡುವುದು, ಅವನು ಬಂದೆ ಬಂದೆ ಎನ್ನುತ್ತಾ ಬಾರದಿರುವುದು, ಕೊಯ್ದ ಸೊಪ್ಪು ಬಾಡುವುದು, ನನ್ನ ತಲೆ ಕಾಯುವುದು, ಇದೇ ನಮ್ಮ ದಿನಚರಿಯಾಗಿತ್ತು. ಮದುವೆಗೆ ಮೊದಲೇ ಕಲಿತು ತೆಗೆದುಕೊಂಡಿದ್ದ ಲೈಸೆನ್ಸ್ ಬೀರುವಿನಲ್ಲಿ ಸುಮ್ಮನೆ ಮಲಗಿತ್ತು. ಪಿಕಪ್ ಬಂದ ಮಾರನೆಯ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗ್ ಮುಂದೆ ಕೂತೆ. ಸೊಪ್ಪಿನ ಕೆಲಸಕ್ಕೆ ಆಮೇಲೆ ಯಾರನ್ನೂ ಕರೆಯಲಿಲ್ಲ.

ಆ ಖುಷಿಯನ್ನು ಹೇಗೆ ಹೇಳಲಿ. ಸೀಟು ಎತ್ತರ, ಬೇಲಿಯಾಚೆಗಿನ ಹೊಲಗಳೆಲ್ಲ ಕಾಣುತ್ತಿದ್ದವು. ಏರಿಯ ಮೇಲೆ ಎದುರು ಬರುವ ಗಂಡಸರು ದಾರಿ ಬಿಟ್ಟು ನಿಂತು ನೋಡುತ್ತಿದ್ದರು, ನಾನು ನೋಡದವಳ ಹಾಗೆ ಹಾರ್ನ್ ಹೊಡೆಯುತ್ತಿದ್ದೆ. ಅಗತ್ಯವಿಲ್ಲದ ಕಡೆಯೂ ಹೊಡೆಯುತ್ತಿದ್ದೆ. ಅತ್ತೆಗೆ ಮೊದಮೊದಲು ಭಯ. ನಾನು ಗಾಡಿಯಲ್ಲಿ ಹೋದರೆ ಅವರು ಕಾಲುದಾರಿಯಲ್ಲಿ ನಡೆದು ಬರುತ್ತಿದ್ದರು. ಒಂದು ದಿನ ಮಳೆ ಬಂತು ನೋಡಿ, ಹತ್ತಿದರು. ಆಮೇಲೆ ಇಳಿಯುವುದನ್ನೇ ಮರೆತರು.

ಮೊದಲ ಸಲ ಅದು ಕೈಕೊಟ್ಟಿದ್ದು ಗೂಡಿನ ಮಾರುಕಟ್ಟೆಗೆ ಹೋಗುವಾಗ. ಹುಳುವಿನ ಬೆಳೆ ಚೆನ್ನಾಗಿ ಬಂದಿತ್ತು, ಹಿಂದೆ ರೇಷ್ಮೆ ಗೂಡು ತುಂಬಿಕೊಂಡು ಹರಾಜಿಗೆ ಸರಿಯಾಗಿ ಹೊರಟಿದ್ದೆವು. ಶಿಡ್ಲಘಟ್ಟ ಇನ್ನೇನು ಬಂತು ಎನ್ನುವಾಗ ಮುಂದಿನ ಫಲಕದಲ್ಲಿ ಒಂದು ಲೈಟು ಹೊತ್ತಿಕೊಂಡು, ಎಂಜಿನ್ ಶಕ್ತಿಯೆಲ್ಲ ಉಡುಗಿಹೋಯಿತು. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೂ ಗಾಡಿ ನಡಿಗೆಯ ವೇಗ ಬಿಟ್ಟು ಮೇಲೇಳಲಿಲ್ಲ. ಹಿಂದಿನಿಂದ ಬಸ್ಸು, ಲಾರಿ, ಆಟೋ ಎಲ್ಲವೂ ಹಾರ್ನ್ ಬಾರಿಸಿ ನನ್ನ ಮರ್ಯಾದೆ ತೆಗೆದವು. ಮೊದಲ ಸರ್ವಿಸ್ ಕೂಡ ಆಗದ ಗಾಡಿ! ಹೇಗೋ ತೆವಳಿಕೊಂಡು ಮಾರುಕಟ್ಟೆ ಮುಟ್ಟಿಸಿದೆ. ಅತ್ತೆ ಗೂಡು ಇಳಿಸಿದ ಮೇಲೆ ಮೊದಲು ಮಾಡಿದ ಕೆಲಸ ಗಾಡಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದದ್ದು.

ದೃಷ್ಟಿ ತೆಗೆದರೂ ಬಗ್ಗದಿದ್ದಾಗ ಚಿಕ್ಕಬಳ್ಳಾಪುರದ ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋದೆವು. ಬಿಳಿ ಶರ್ಟಿನ ಅಡ್ವೈಸರ್ ಲ್ಯಾಪ್‌ಟಾಪಿನ ವೈರನ್ನು ಸ್ಟೇರಿಂಗ್ ಕೆಳಗೆ ಸಿಕ್ಕಿಸಿ ನೋಡಿದ. ಒಂದು ಸೆನ್ಸರ್ ಹೋಗಿದೆ, ವಾರಂಟಿಯಲ್ಲಿದೆ, ಬದಲಾಯಿಸಿಕೊಡುತ್ತೇವೆ ಎಂದ. ಸಂತೋಷವಾಗಿ ಮನೆಗೆ ಬಂದೆವು. ಸಂತೋಷ ತಿಂಗಳೊಪ್ಪತ್ತಿನ ಒಂದು ಬೆಳೆ ಮುಗಿಯುವ ತನಕವೂ ಉಳಿಯಲಿಲ್ಲ. ಅದೇ ಲೈಟು, ಅದೇ ತೆವಳಾಟ, ಮತ್ತೆ ಅದೇ ಬಿಳಿ ಶರ್ಟಿನವನ ಮುಂದೆ ನಾವು.

ಈ ಸಲ ಅವನು ಸ್ವಲ್ಪ ಹೊತ್ತು ಲ್ಯಾಪ್‌ಟಾಪಿನಲ್ಲೇ ಮುಖ ಇಟ್ಟುಕೊಂಡಿದ್ದು, ಆಮೇಲೆ ನನ್ನನ್ನು ಕೇಳಿದ, ಈ ಗಾಡಿಯನ್ನು ಎಲ್ಲಿಂದ ಎಲ್ಲಿಗೆ ಓಡಿಸುತ್ತೀರಿ ಎಂದು. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಎಂದೆ. ಅದೇ ತೊಂದರೆಯಂತೆ. ಹೊಸ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಗಾಡಿ ದೂರ, ವೇಗವಾಗಿ ಓಡಿದರೆ ಆ ಶಾಖಕ್ಕೆ ಮಸಿಯೆಲ್ಲ ತಾನೇ ಸುಟ್ಟುಹೋಗುತ್ತದೆ. ಎಂಜಿನ್ ಬಿಸಿಯಾಗುವ ಮೊದಲೇ ಆರಿಸಿಬಿಟ್ಟರೆ ಕಟ್ಟಿಕೊಳ್ಳುತ್ತದೆ. ಈ ಸಲ ನಾವೇ ಸುಟ್ಟು ಕೊಡುತ್ತೇವೆ, ಮುಂದಿನ ಸಲ ಇದೇ ಕಾರಣಕ್ಕೆ ಬಂದರೆ ವಾರಂಟಿ ನಡೆಯುವುದಿಲ್ಲ, ಬಳಸಿದವರ ತಪ್ಪು ಎಂದು ಬರೆಯಬೇಕಾಗುತ್ತದೆ ಎಂದ.

ನನಗೆ ರೇಗಿತು. ಸೊಪ್ಪು ಹೊರುವುದಕ್ಕೆ ಅಂತ ಹೇಳಿಯೇ ಕೊಂಡಿದ್ದು. ಕೊಡುವಾಗ ಹೂವಿನ ಹಾರ ಹಾಕಿ, ಲಡ್ಡು ತಿನ್ನಿಸಿ, ಫೋಟೋ ತೆಗೆಸಿಕೊಂಡರಲ್ಲ, ಆಗ ಯಾಕೆ ಹೇಳಲಿಲ್ಲ ಈ ಗಾಡಿಗೆ ವಾಕಿಂಗ್ ಬೇಕು ಅಂತ ಎಂದು ಕೇಳಿದೆ. ಪಕ್ಕದಲ್ಲಿ ಕಾಯುತ್ತಿದ್ದವರು ನಕ್ಕರು. ಅವನು ನಗಲಿಲ್ಲ, ಪಾಪ, ಅವನ ಕೈಯಲ್ಲಿ ಇದ್ದದ್ದು ಅಷ್ಟೇ. ಕಿತ್ತಳೆ ಬಣ್ಣದ ಲೈಟು ಬಂದರೆ ಅರ್ಧ ಗಂಟೆ ಅರವತ್ತರ ಮೇಲೆ ಒಂದೇ ಸಮ ಓಡಿಸಬೇಕು, ನಡುವೆ ಎಲ್ಲೂ ನಿಲ್ಲಿಸಬಾರದು, ಲೈಟು ಆರಿದರೆ ಫಿಲ್ಟರ್ ಶುದ್ಧವಾಯಿತು ಎಂದರ್ಥ ಎಂದು ಹೇಳಿಕೊಟ್ಟ.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ನನ್ನ ಗಂಡ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. ಇನ್ನೊಂದು ಸಲ ಕೆಟ್ಟರೆ ಮಾರಿಬಿಡೋಣ, ಟೆಂಪೋದವನ ನಂಬರ್ ಇದ್ದೇ ಇದೆಯಲ್ಲ ಎಂದರು. ಮೇಷ್ಟ್ರು ಒಂದು ಸಲ ಹೇಳಿದರೆ ಮುಗಿಯಿತು, ಅವರ ಅಮ್ಮನೂ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಆ ಸೀಟನ್ನು ಬಿಟ್ಟು ಮತ್ತೆ ಬಾಗಿಲಲ್ಲಿ ನಿಂತು ಇನ್ನೊಬ್ಬರ ಗಾಡಿಗೆ ಕಾಯುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ಹೆಚ್ಚು ದಿನ ಕಾಯಬೇಕಾಗಲಿಲ್ಲ, ಕಿತ್ತಳೆ ಲೈಟು ಬಂದೇ ಬಂತು. ಹುಳುವಿಗೆ ಸೊಪ್ಪು ಹಾಕಿ ಮುಗಿಸಿ ನಾನು ಚಿಂತಾಮಣಿ ರಸ್ತೆ ಹಿಡಿಯಲು ಹೊರಟೆ. ಹೆಣ್ಣೊಬ್ಬಳು ಖಾಲಿ ಗಾಡಿಯನ್ನು ಸುಮ್ಮಸುಮ್ಮನೆ ಓಡಿಸಿದರೆ ನೋಡಿದವರು ಏನಂದುಕೊಂಡಾರು ಎಂದು ಅತ್ತೆಯೂ ಹತ್ತಿದರು. ನಾನು ಮಾಡಿದ ತಪ್ಪು ಅದೇ. ನಮ್ಮ ಅತ್ತೆಗೆ ಆ ರಸ್ತೆಯಲ್ಲಿ ಗೊತ್ತಿಲ್ಲದ ಮನುಷ್ಯರಿಲ್ಲ, ಗೊತ್ತಿರುವವರನ್ನು ಮಾತಾಡಿಸದೆ ದಾಟಿದ ಅಭ್ಯಾಸವಿಲ್ಲ.

ವೇಗ ಐವತ್ತು ಮುಟ್ಟಿತ್ತೋ ಇಲ್ಲವೋ, ಹಾಲಿನ ಕ್ಯಾನು ಹಿಡಿದುಕೊಂಡು ಅವರ ಚಿಕ್ಕಮ್ಮನ ಮಗಳು. ನಿಲ್ಲಿಸಿದೆ. ಮುಂದೆ ಮೇಕೆ ಹಿಡಿದುಕೊಂಡ ಒಬ್ಬ ಮುದುಕಪ್ಪ, ಎಕ್ಕಡಿಕಮ್ಮಾ ಎಂದು ತೆಲುಗಿನಲ್ಲಿ ಎಲ್ಲಿಗೆಂದು ಕೇಳುತ್ತಲೇ ಮೇಕೆಯನ್ನು ಎತ್ತಿ ಹಿಂದೆ ಹಾಕಿದ. ಅದರಾಚೆ ಮುರುಗಮಲ್ಲದ ದರ್ಗಾಕ್ಕೆ ಹೊರಟು ಬಸ್ಸು ತಪ್ಪಿಸಿಕೊಂಡ ಒಂದು ಸಂಸಾರ, ಕಂಕುಳಲ್ಲಿ ಮಗು. ನಾನು ಅರವತ್ತು ಅರವತ್ತು ಎಂದು ಹಲ್ಲು ಕಚ್ಚಿದರೆ, ಹರಕೆ ತೀರಿಸೋಕೆ ಹೋಗೋರನ್ನ ಬಿಸಿಲಲ್ಲಿ ಬಿಡೋದೇ ಎಂದು ಅತ್ತೆ. ಚಿಂತಾಮಣಿ ಸೇರಿದಾಗ ಹಿಂದೆ ಒಂದು ಬಸ್ಸಿನಷ್ಟು ಜನ, ಮುಂದೆ ಆರದ ಲೈಟು. ಇಳಿದವರೆಲ್ಲ ನಿನ್ನ ಕೈ ತಣ್ಣಗಿರಲಿ ಎಂದು ಹರಸಿದರು. ಹಾರೈಕೆಯಿಂದ ಮಸಿ ಸುಡುವುದಿಲ್ಲ ಎಂದು ನಾನು ಗೊಣಗಿಕೊಂಡೆ.

ವಾಪಸು ಬರುವಾಗ ಅತ್ತೆಯ ಮೇಲೆ ಹರಿಹಾಯ್ದೆ. ನಿಮ್ಮ ಉಪಕಾರದಿಂದ ನನ್ನ ಗಾಡಿ ಹೋಗುತ್ತೆ ಎಂದುಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಮುಖ ಕಂಡೂ ನಿಲ್ಲಿಸ್ದೆ ಹೋದ್ರೆ, ನಾಳೆ ನಮ್ಮನೆ ಬಾಗ್ಲಿಗೆ ಯಾರಮ್ಮ ಬರ್ತಾರೆ?" ಎಂದರು. ಅವರು ಹೇಳಿದ್ದೂ ಸರಿ, ಬಿಳಿ ಶರ್ಟಿನವನು ಹೇಳಿದ್ದೂ ಸರಿ.

ಹಾಗಾದರೆ ಮುಖವೇ ಕಾಣದ ರಸ್ತೆ ಹುಡುಕಬೇಕು. ರಾತ್ರಿ ಊಟವಾದ ಮೇಲೆ ಅತ್ತೆ ಸೊಸೆ ಕೂತು ದಿಕ್ಕು ದಿಕ್ಕಿಗೆ ನೆಂಟರನ್ನು ಎಣಿಸಿದೆವು. ಚಿಂತಾಮಣಿ ಕಡೆ ನನ್ನ ತವರು, ಅಂಬಾಜಿದುರ್ಗದ ಸುತ್ತ ಅತ್ತೆಯ ತವರಿನವರು. ಚಿಕ್ಕಬಳ್ಳಾಪುರದಲ್ಲಿ ನಾದಿನಿ. ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನ ದಾರಿ ಒಂದೇ ಉಳಿಯಿತು. ಆ ಕಡೆಗೆ ನಮ್ಮವರು ಹೆಣ್ಣು ಕೊಟ್ಟಿಲ್ಲ, ತಂದಿಲ್ಲ. ಅತ್ತೆಗೆ ಬೆರಗಾಯಿತು, ಇಷ್ಟು ಹತ್ತಿರದಲ್ಲಿ ನಮಗೆ ಯಾರೂ ಇಲ್ಲದ ಊರಿದೆಯೇ ಎಂದು.

ಆ ಶನಿವಾರ ನನ್ನ ಗಂಡನಿಗೆ ಗೌರಿಬಿದನೂರಿನಲ್ಲಿ ಟ್ರೈನಿಂಗ್ ಇತ್ತು, ಬೈಕಿನಲ್ಲಿ ಬೆಳಿಗ್ಗೆಯೇ ಹೋಗಿದ್ದರು. ಮಧ್ಯಾಹ್ನ ನಾವೂ ಹೊರಟೆವು. ಗಾಡಿ ಆಗಲೇ ಮಂಕಾಗತೊಡಗಿತ್ತು, ಏರು ಬಂದರೆ ಮುಲುಗುತ್ತಿತ್ತು. ಇವತ್ತು ಲೈಟು ಆರದಿದ್ದರೆ ಮತ್ತೆ ತೆವಳಾಟವೇ, ಆಮೇಲೆ ಮಾರಾಟವೇ. ಚಿಕ್ಕಬಳ್ಳಾಪುರ ದಾಟುವ ತನಕ ಅತ್ತೆ ತಲೆ ತುಂಬ ಸೆರಗು ಹೊದ್ದು ಕುಗ್ಗಿ ಕೂತಿದ್ದರು, ಮಗಳು ಕಂಡರೆ ಇಳಿದು ಕಾಫಿ ಕುಡಿಯಬೇಕಾದೀತು ಎಂದು. ಊರು ಕಳೆದು ರಸ್ತೆ ಬಿಚ್ಚಿಕೊಂಡ ಮೇಲೆ ನಾನು ಕಾಲು ಒತ್ತಿದೆ.

ಅರವತ್ತು. ಅರವತ್ತೈದು. ನನ್ನ ಜನ್ಮದಲ್ಲಿ ನಾನು ಅಷ್ಟು ವೇಗವಾಗಿ ಓಡಿಸಿರಲಿಲ್ಲ. ಹಿಂದೆ ಖಾಲಿ ತೊಟ್ಟಿ ಗಡಗಡ ಎನ್ನುತ್ತಿತ್ತು, ದ್ರಾಕ್ಷಿ ಚಪ್ಪರಗಳು, ಜೋಳದ ಹೊಲಗಳು, ಬಂಡೆಗುಡ್ಡಗಳು ಹಿಂದಕ್ಕೆ ಓಡುತ್ತಿದ್ದವು, ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು. ಭಯವಲ್ಲ, ಸಂತೋಷ. ಅತ್ತೆ ಮೊದಲು ಹಿಡಿಯನ್ನು ಗಟ್ಟಿಯಾಗಿ ಹಿಡಿದು ದೇವರ ಹೆಸರು ಹೇಳಿಕೊಳ್ಳುತ್ತಿದ್ದರು. ಮಂಚೇನಹಳ್ಳಿ ದಾಟುವ ಹೊತ್ತಿಗೆ ಸೆರಗು ಜಾರಿ, ಕೂದಲು ಹಾರಿ, ಮುಂದಿನ ಬಸ್ಸನ್ನು ಹಿಂದೆ ಹಾಕು ಎಂದು ನನಗೇ ಅಪ್ಪಣೆ ಕೊಡುತ್ತಿದ್ದರು. ಹಾಕಿದೆ. ಬಸ್ಸಿನ ಡ್ರೈವರ್ ತಿರುಗಿ ನೋಡಿದ. ಇಬ್ಬರೂ ಜೋರಾಗಿ ನಕ್ಕೆವು.

ಆಗ ಕಂಡಿತು. ಎದುರು ದಿಕ್ಕಿನಲ್ಲಿ ರಸ್ತೆಯ ಅಂಚಿಗೆ ಒಂದು ಬೈಕು ವಾಲಿಕೊಂಡಿತ್ತು, ಪಕ್ಕದಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದ ಒಬ್ಬರು. ದೂರದಿಂದಲೇ ನಮ್ಮ ಗಾಡಿಯ ಗುರುತು ಹಿಡಿದು ಅವರು ಎರಡೂ ಕೈ ಎತ್ತಿ ಬೀಸತೊಡಗಿದರು. ನನ್ನ ಗಂಡ. ಹಿಂದಿನ ಟೈರು ನೆಲಕ್ಕೆ ಕೂತಿತ್ತು. ಲೈಟು ಇನ್ನೂ ಉರಿಯುತ್ತಿತ್ತು, ಅರ್ಧ ಗಂಟೆಗೆ ಇನ್ನು ಸ್ವಲ್ಪವೇ ಬಾಕಿ. ನನ್ನ ಕಾಲು ತಾನಾಗಿಯೇ ಬ್ರೇಕಿನ ಕಡೆ ಸರಿಯಿತು. ಊರಿನ ಮೇಕೆಯನ್ನೂ ಬಿಟ್ಟು ಬಾರದ ಹೆಂಗಸು ಪಕ್ಕದಲ್ಲಿ ಕೂತಿರುವಾಗ ಹೆತ್ತ ಮಗನನ್ನು ಬಿಟ್ಟು ಹೋಗುವುದು ಹೇಗೆ?

ಅತ್ತೆ ನನ್ನ ತೊಡೆಯ ಮೇಲೆ ಕೈಯಿಟ್ಟರು. "ನಿಲ್ಲಿಸ್ಬೇಡಮ್ಮ. ಹೋಗ್ತಾ ಇರು."

ಹೋದೆ. ಅವರ ಬೀಸುವ ಕೈ ಗಾಳಿಯಲ್ಲೇ ನಿಂತದ್ದು, ಬಾಯಿ ತೆರೆದದ್ದು ಕಂಡಿತು, ಆಮೇಲೆ ಕನ್ನಡಿಯಲ್ಲಿ ಚಿಕ್ಕದಾದರು. ನನಗೆ ನಗು, ಅಳು, ಹೆದರಿಕೆ ಎಲ್ಲವೂ ಒಟ್ಟಿಗೆ ಬಂತು. ಅತ್ತೆ ಹಿಂದೆ ತಿರುಗಿ ನೋಡಲಿಲ್ಲ, ಅವರ ಕಣ್ಣು ಕಿತ್ತಳೆ ಲೈಟಿನ ಮೇಲೇ ಇತ್ತು. ಗೌರಿಬಿದನೂರು ಇನ್ನೂ ದೂರ ಇರುವಾಗಲೇ, ಒಂದು ಇಳಿಜಾರಿನಲ್ಲಿ, ಯಾವ ಸದ್ದೂ ಇಲ್ಲದೆ ಅದು ಆರಿತು. ಮುಂದಿನ ಏರಿನಲ್ಲಿ ಗಾಡಿ ಹೊಸದರ ಹಾಗೆ ನುಗ್ಗಿತು. ನಾನು ಕೂಗಿಬಿಟ್ಟೆ. ಅತ್ತೆ ಎರಡೂ ಕೈಯಿಂದ ಡ್ಯಾಷ್‌ಬೋರ್ಡಿಗೆ ನಮಸ್ಕಾರ ಮಾಡಿ, ಈಗ ತಿರುಗಿಸು, ಪಾಪ ಬಿಸಿಲಲ್ಲಿ ನಿಂತಿದ್ದಾನೆ ಎಂದರು.

ನಾವು ಹೋಗುವ ಹೊತ್ತಿಗೆ ಅವರು ಹೊಂಗೆ ಮರದ ನೆರಳಿನಲ್ಲಿ ಕಲ್ಲಿನ ಮೇಲೆ ಕೂತಿದ್ದರು, ಮುಖ ಕೆಂಪಾಗಿತ್ತು. ಕಿಟಕಿಯ ಹತ್ತಿರ ಬಂದು, ನಾನು ಕಾಣಿಸಲಿಲ್ಲವೇ ಎಂದು ನನ್ನನ್ನು ಕೇಳಿದರು. ಕಾಣಲಿಲ್ಲ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆಯೇ ಹೇಳಿದರು.

"ಕಂಡೆ ಕಣಪ್ಪ. ನಾನೇ ನಿಲ್ಲಿಸ್ಬೇಡ ಅಂದೆ. ನಿಲ್ಲಿಸಿದ್ರೆ ಅವಳ ಗಾಡಿ ಕೆಟ್ಟೋಗ್ತಿತ್ತು."

ಅವಳ ಗಾಡಿ. ಊರಿನವರ ಬಾಯಲ್ಲಿ ಅದು ಮೇಷ್ಟ್ರ ಗಾಡಿ, ಪತ್ರದಲ್ಲೂ ಅವರದೇ ಹೆಸರು. ನಾನು ಸ್ಟೇರಿಂಗನ್ನೇ ನೋಡುತ್ತಾ ಕೂತೆ, ಕಣ್ಣು ತುಂಬಿದ್ದು ಅವರಿಗೆ ಕಾಣಬಾರದಾಗಿತ್ತು. ನಾನೂ ಇಳಿದು, ಗಂಡ ಹೆಂಡತಿ ಇಬ್ಬರೂ ಸೇರಿ ಬೈಕನ್ನು ಹಿಂದಕ್ಕೆ ಎತ್ತಿ ಹಗ್ಗ ಬಿಗಿದೆವು. ನಾನು ಬಂದು ನನ್ನ ಸೀಟಿನಲ್ಲಿ ಕೂತೆ. ಮನೆಯವರೆಲ್ಲ ಜೊತೆಗೆ ಹೊರಟಾಗ ಓಡಿಸುವುದು ಅವರೇ; ಅಭ್ಯಾಸದಂತೆ ಡ್ರೈವರ್ ಕಡೆಯ ಬಾಗಿಲಿಗೆ ಬಂದು ಹಿಡಿಗೆ ಕೈ ಹಾಕಿದರು. ನಾನು ಇಳಿಯಲಿಲ್ಲ. ಅವರು ಒಂದು ಕ್ಷಣ ನಿಂತು, ಗಾಡಿಯ ಮುಂದಿನಿಂದ ಸುತ್ತಿಕೊಂಡು ಆ ಕಡೆಗೆ ಹೋದರು. ಅತ್ತೆ ನಡುವಿಗೆ ಸರಿದು ಜಾಗ ಬಿಟ್ಟರು.

ಮಂಚೇನಹಳ್ಳಿಯ ಹತ್ತಿರ ನನ್ನ ಗಂಡ ಕೇಳಿದರು, ಮತ್ತೆ ಆ ಲೈಟು ಬಂದರೆ ಏನು ಮಾಡುವುದು ಎಂದು. ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ಅತ್ತೆ.

"ಮತ್ತೆ ಓಡಿಸ್ತಾಳೆ."