ತಿರುವಿನ ಬೋರ್ಡು

ಹೋದ ವಾರ ನಮ್ಮ ಸಂಘದ ಹೆಂಗಸರು ಸಮುದಾಯ ಭವನದ ಜಗಲಿಯಲ್ಲಿ ಬಣ್ಣದ ಡಬ್ಬದ ಮುಚ್ಚಳ ತೆಗೆದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಪಕ್ಕದ ಮನೆಯ ಪೇಂಟರಣ್ಣ ನೆನಪಾದರು. ಅವರು ಬೇಲಿ ದಾಟಿ ನಮ್ಮಂಗಳಕ್ಕೆ ಬರುವ ಮೊದಲೇ ಆ ವಾಸನೆ ಬರುತ್ತಿತ್ತು. ಬೆರಳ ಸಂದಿಯಲ್ಲಿ ಯಾವಾಗಲೂ ಹಳದಿ, ಇಲ್ಲವೇ ಕಪ್ಪು. ಎಷ್ಟು ತೊಳೆದರೂ ಹೋಗದ ಬಣ್ಣ… ಊಟಕ್ಕೆ ಕೂತಾಗ ಅವರ ಹೆಂಡತಿ ಬೈಯುತ್ತಿದ್ದುದು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು.

ಪೇಂಟರಣ್ಣ ದೊಡ್ಡ ಚಿತ್ರಗಾರರೇನಲ್ಲ. ಬಾಳ್ಳುಪೇಟೆಯಲ್ಲಿ ಲಾರಿಗಳಿಗೆ ನಂಬರ್ ಬರೆಯುವುದು, ಅಂಗಡಿಗಳಿಗೆ ಹೆಸರು ಬರೆಯುವುದು, ಗೋಡೆಯ ಮೇಲೆ ಇಲ್ಲಿ ಕಸ ಹಾಕಬಾರದು ಎಂದು ಬರೆಯುವುದು, ಇಷ್ಟೇ. ಫ್ಲೆಕ್ಸ್ ಬಂದ ಮೇಲೆ ಅದೂ ಹೋಯಿತು. ಕೊನೆಗೆ ಉಳಿದದ್ದು ಆನೆ ಬೋರ್ಡು ಒಂದೇ. ಕಾಡಾನೆ ಓಡಾಡುವ ಕಡೆ ನೆಡುತ್ತಾರಲ್ಲ, ಹಳದಿ ತಗಡಿನ ಮೇಲೆ ಕಪ್ಪು ಅಕ್ಷರದ್ದು, ಅದು. ಕುಂದೂರಿನಿಂದ ನಮ್ಮೂರಿಗೆ ಹತ್ತುವ ರಸ್ತೆಯಲ್ಲಿ ಅವರು ಬರೆದವು ಮೂರ್ನಾಲ್ಕಿದ್ದವು. ಅಕ್ಷರ ಎಲ್ಲದರಲ್ಲೂ ಒಂದೇ, ಆನೆ ಮಾತ್ರ ಬೇರೆ ಬೇರೆ. ಒಂದರದ್ದು ಕಿವಿ ಹರಿದಿತ್ತು, ಇನ್ನೊಂದಕ್ಕೆ ಒಂದೇ ದಂತ. ಕಣ್ಣಾರೆ ಕಂಡ ಆನೆಯನ್ನಷ್ಟೇ ಬರೆಯುತ್ತಿದ್ದರು. ಆಮೇಲೆ ಆ ಕೆಲಸವೂ ಅವರ ಕೈ ತಪ್ಪಿತು.

ನನ್ನ ಗುಣವನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಅನುಮಾನ ಜಾಸ್ತಿ. ಹಾಲು ಬೆಳ್ಳಗಿದೆ ಅಂದರೂ ಇವಳು ಕಿಟಕಿ ಹತ್ತಿರ ಹಿಡಿದು ನೋಡುತ್ತಾಳೆ ಎಂದು ನಮ್ಮ ಯಜಮಾನರು ನೆಂಟರ ಮುಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸಂಘದ ಅಧ್ಯಕ್ಷೆಯಾಗಿ ಇಷ್ಟು ವರ್ಷ ಉಳಿದದ್ದು ಆ ಗುಣದಿಂದಲೇ ಎಂದು ನಾನು ಬೀಗುತ್ತಿದ್ದೆ. ಪೇಂಟರಣ್ಣನ ವಿಷಯದಲ್ಲಿ ಅದೇ ಗುಣ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದನ್ನು ಹೇಳಬೇಕು.

ಆ ವರ್ಷ ನಮ್ಮೂರ ಮೇಲಿನ ಒಂದು ದೊಡ್ಡ ಎಸ್ಟೇಟಿನವರು ಸುತ್ತಲೂ ಕರೆಂಟ್ ಬೇಲಿ ಹಾಕಿಸಿದ್ದರು. ಅಲ್ಲಿ ಇಳಿಯುತ್ತಿದ್ದ ಆನೆಗಳು ದಾರಿ ಬದಲಿಸಿ, ಅದುವರೆಗೆ ಯಾವತ್ತೂ ಬಾರದಿದ್ದ ನಮ್ಮ ತೋಟದ ತಿರುವಿನಲ್ಲಿ ಇಳಿಯತೊಡಗಿದವು. ಆನೆ ಕಾಯುವ ಅರಣ್ಯ ಇಲಾಖೆಯ ವಾಚರ್ ಬಂದು ಹೆಜ್ಜೆ ನೋಡಿದ. ತಿರುವಿಗೆ ಒಂದು ಬೋರ್ಡು ಬರೆದು ನೆಟ್ಟುಬಿಡಿ ಎಂದು ಪೇಂಟರಣ್ಣನಿಗೆ ಹೇಳಿ ಹೋದ.

ಅದು ರೋಬಸ್ಟಾ ಕಾಫಿ ಕೊಯ್ಲಿನ ಹೊತ್ತು. ನಮಗೆ ಇರುವುದು ಮೂರೆಕರೆ, ಹಣ್ಣೆಲ್ಲ ಕೆಂಪಾಗಿ ಉದುರುತ್ತಿತ್ತು. ಬಾಳ್ಳುಪೇಟೆಯಿಂದ ಜೀಪಿನಲ್ಲಿ ಬರುವ ಹೆಂಗಸರೇ ನಮಗೆ ದಿಕ್ಕು. ಆನೆ ಬೋರ್ಡು ಕಂಡರೆ ಆ ಜೀಪು ಅಲ್ಲಿಂದಲೇ ತಿರುಗಿ ಇನ್ನೊಬ್ಬರ ತೋಟಕ್ಕೆ ಹೋಗುತ್ತದೆ. ಅದಕ್ಕೇ ನಮ್ಮ ಕಡೆ ಒಂದು ಕೆಟ್ಟ ರೂಢಿ ಇತ್ತು. ಕೊಯ್ಲು ಮುಗಿಯುವ ತನಕ ತಮ್ಮ ತೋಟಕ್ಕೆ ಆನೆ ಬಂದದ್ದನ್ನು ಯಾರೂ ಬಾಯಿ ಬಿಡುತ್ತಿರಲಿಲ್ಲ. ಆನೆ ಮುರಿದ ಬೈನೆ ಮರ ಗಾಳಿಗೆ ಬಿತ್ತು ಅನ್ನುತ್ತಿದ್ದೆವು. ಲದ್ದಿ ಕಂಡರೆ ಮೇಲೆ ಸೊಪ್ಪು ಎಳೆದು ಮುಚ್ಚುತ್ತಿದ್ದೆವು. ಎಲ್ಲರೂ ಮಾಡುತ್ತಿದ್ದರು. ನಾನೂ ಮಾಡಿದೆ.

ಪೇಂಟರಣ್ಣನ ಜಗಲಿಯಲ್ಲಿ ಬೋರ್ಡು ಒಣಗಲು ಇಟ್ಟಿತ್ತು. ಹೋಗಿ ಅವರ ಮುಂದೆ ನಿಂತೆ.

“ಎಂಟು ದಿನ ತಡಿಯಣ್ಣ. ಹಣ್ಣು ಇಳಿಸ್ಕೊಂಬುಡ್ತೀನಿ, ಆಮೇಲೆ ನೆಡು” ಎಂದೆ.

ಅವರು ಎದ್ದು ಬೋರ್ಡಿನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರು. ನಾನು ಅದನ್ನೇ ಒಪ್ಪಿಗೆ ಅಂದುಕೊಂಡು ಮನೆಗೆ ಬಂದೆ.

ಆರನೆಯ ದಿನ ಬೆಳಿಗ್ಗೆ ಮಂಜು ಕವಿದಿತ್ತು. ಜೀಪಿನಿಂದ ಇಳಿದ ಹೆಂಗಸರು ಸಾಲಾಗಿ ಮೇಲೆ ಹತ್ತುತ್ತಿದ್ದರು. ತಿರುವಿನಲ್ಲಿ ಆನೆ ನಿಂತಿದ್ದದ್ದು ಮುಂದೆ ನಡೆಯುತ್ತಿದ್ದವಳಿಗೆ ಕಾಣಲಿಲ್ಲ. ಸೊಂಡಿಲಲ್ಲಿ ತಳ್ಳಿತಂತೆ, ಅಷ್ಟೇ. ಕೆಳಗಿನ ಕಾಲುವೆಗೆ ಹೋಗಿ ಬಿದ್ದಳು. ಸೊಂಟ ಮುರಿಯಿತು. ಜೀವ ಉಳಿಯಿತು, ಆದರೆ ಆ ಹೆಂಗಸು ಮತ್ತೆ ಯಾವ ತೋಟದಲ್ಲೂ ಸೊಂಟಕ್ಕೆ ಚೀಲ ಕಟ್ಟಲಿಲ್ಲ. ನನಗಿಂತ ಚಿಕ್ಕವಳು. ಕೊಯ್ಯುವಾಗ ಹಾಡುತ್ತಿದ್ದಳು…

ಪೇಂಟರಣ್ಣ ಅವತ್ತು ಸಂಜೆಯೇ ಹೋಗಿ ಬೋರ್ಡು ನೆಟ್ಟರು. ಅದು ಯಾಕೆ ತಡವಾಯಿತು ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಗೊತ್ತಿದ್ದವರು ನಾವಿಬ್ಬರೇ. ಅವತ್ತಿನಿಂದ ನನಗೆ ಅವರನ್ನು ಕಂಡರೆ ಭಯ ಶುರುವಾಯಿತು. ಅವರು ಯಾರ ಜೊತೆ ನಿಂತು ಮಾತಾಡಿದರೂ ನನ್ನ ಕಿವಿ ನೆಟ್ಟಗಾಗುತ್ತಿತ್ತು. ನಕ್ಕರೆ ಯಾಕೆ ನಕ್ಕರು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾರೆ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದೆ. ಇನ್ನು ಅಧ್ಯಕ್ಷೆಯ ಮರ್ಯಾದೆ ಅವರ ನಾಲಿಗೆಯ ತುದಿಯಲ್ಲಿದೆ ಅನ್ನಿಸುತ್ತಿತ್ತು.

ಮುಂದಿನ ವರ್ಷ ಸ್ಪರ್ಧೆ ಬಂತು. ನಗರದ ಒಂದು ಸಂಸ್ಥೆಯವರು ಕಾರಿನಲ್ಲಿ ಬಂದು ಸಮುದಾಯ ಭವನದಲ್ಲಿ ಮೀಟಿಂಗ್ ಕರೆದರು. ಇಪ್ಪತ್ತು ವರ್ಷ ಆದ ಮೇಲೆ ನಮ್ಮೂರು ಹೇಗಿರಬೇಕು, ನೀರು, ಮರ, ಮಣ್ಣು ಉಳಿಸಿಕೊಂಡು ಹೇಗೆ ಬಾಳಬೇಕು ಎಂದು ಊರವರೆಲ್ಲ ಕೂತು ಮಾತಾಡಬೇಕಂತೆ. ಅದನ್ನು ಒಂದು ಗೋಡೆಯ ಮೇಲೆ ಚಿತ್ರ ಮಾಡಬೇಕಂತೆ. ಸುತ್ತಲ ಹಳ್ಳಿಗಳೆಲ್ಲ ಮಾಡುತ್ತವೆ. ಗೆದ್ದ ಊರಿನ ಕೆರೆಯ ಹೂಳು ಎತ್ತಿಸಿಕೊಡುತ್ತಾರೆ.

ಊರಿಗೆ ಊರೇ ಅನುಮಾನಪಟ್ಟಿತು. ನಮ್ಮೂರ ಚಿತ್ರ ಇವರಿಗೆ ಯಾಕೆ? ಒಬ್ಬರು ರೆಸಾರ್ಟಿನವರಿರಬೇಕು ಅಂದರು. ಇನ್ನೊಬ್ಬರು ಇದು ಒತ್ತುವರಿ ಪತ್ತೆ ಮಾಡುವ ಹೊಸ ಉಪಾಯ ಅಂದರು. ಒತ್ತುವರಿ ಅಂದ ಕೂಡಲೇ ಅರ್ಧ ಜನ ಚಪ್ಪಲಿ ಹುಡುಕಿದರು. ಕೊನೆಗೆ ಸಂಸ್ಥೆಯ ಹುಡುಗಿ ಎಲ್ಲರ ಸಹಿ ಬೇಕು ಎಂದು ಹಾಳೆ ತೆಗೆದಳು ನೋಡಿ, ಕೆಲಸ ಕೆಟ್ಟಿತು. ಹಿಂದಿನ ಸಾಲಿನ ಗೌಡರು ಎದ್ದು ನಿಂತು, “ಚಿತ್ರ ಬೇಕಾದ್ರೆ ಹತ್ತು ಬರ್ಕೊಡ್ತೀವಿ ಕಣವ್ವ, ಸಹಿ ಮಾತ್ರ ಒಂದೂ ಇಲ್ಲ” ಅಂದರು. ಸಂಘದ ಪರವಾಗಿ ನಾನೊಬ್ಬಳೇ ಸಹಿ ಹಾಕುವುದು ಎಂದಾಯಿತು. ಆ ಹಾಳೆಯನ್ನು ಹಿಂದೆ ಮುಂದೆ ಮೂರು ಸಲ ಓದಿದ ಮೇಲೇ ಹಾಕಿದೆ.

ಸಮುದಾಯ ಭವನದ ಗೋಡೆಗೆ ಏನೇನು ಬೇಕು ಎಂದು ಪೇಂಟರಣ್ಣ ಮನೆಮನೆಗೆ ಹೋಗಿ ಕೇಳಿದರು. ತುಂಬಿದ ಕೆರೆ, ಮರಕ್ಕೆಲ್ಲ ಮೆಣಸಿನ ಬಳ್ಳಿ, ಹೆಂಚಿನ ಮೇಲೆ ಸೋಲಾರ್, ಕುಂದೂರಿಗೆ ಗಂಟೆಗೊಂದು ಬಸ್ಸು… ಆನೆ ಬೇಕು ಅಂದವರು ಒಬ್ಬರೂ ಇಲ್ಲ. ಇಪ್ಪತ್ತು ವರ್ಷದ ಮೇಲೂ ಅವು ಇರಬೇಕೇನ್ರೀ ಎಂದು ನಾನೇ ರೇಗಿದ್ದೆ. ಅವರು ಎಲ್ಲ ಕೇಳಿಕೊಂಡರು. ಹದಿನೈದು ದಿನ ಏಣಿ ಇಳಿಯಲಿಲ್ಲ. ಸಂಜೆ ಹೊತ್ತು ಜನ ಬಂದು ತಮ್ಮ ತಮ್ಮ ಮನೆ ಹುಡುಕಿಕೊಂಡು ನಗುತ್ತಿದ್ದರು. ಲಾರಿ ನಂಬರ್ ಬರೆಯುವ ಕೈಯಲ್ಲಿ ಇಷ್ಟೊಂದು ಇತ್ತೇ ಎಂದು ನನಗೂ ಅನ್ನಿಸಿತು. ಆದರೂ ಬಾಯಿ ಬಿಟ್ಟು ಹೊಗಳಲಿಲ್ಲ.

ತೀರ್ಪುಗಾರರು ಬರುವ ಹಿಂದಿನ ದಿನ ಬೆಳಿಗ್ಗೆ ಗೋಡೆಯ ಹತ್ತಿರ ಹೋದೆ. ಬಲಗಡೆಯ ಖಾಲಿ ಜಾಗದಲ್ಲಿ ನಮ್ಮ ತಿರುವು ಬಂದಿತ್ತು. ನಮ್ಮದೇ ತೋಟ, ನಮ್ಮದೇ ಗೇಟು. ತಿರುವಿನಲ್ಲಿ ಹಳದಿ ಬೋರ್ಡು. ಬೋರ್ಡಿನ ಪಕ್ಕ ಹೆಂಚಿನ ಮಾಡು ಇಳಿಸಿದ ಒಂದು ಕಟ್ಟೆ, ಅದರ ಮೇಲೆ ಕೊಯ್ಲಿನ ಹೆಂಗಸರು ಕೂತಿದ್ದರು. ಅವರ ಮುಂದೆಯೇ ಆನೆಗಳು ರಸ್ತೆ ದಾಟುತ್ತಿದ್ದವು. ಯಾರೂ ಓಡುತ್ತಿರಲಿಲ್ಲ. ಮುಂದೆ ಕೂತವಳ ಬಾಯಿ ಹಾಡುವವರಂತೆ ತೆರೆದಿತ್ತು.

ಇದು ನನಗೇ ಬರೆದದ್ದು ಅನ್ನಿಸಿತು. ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಊರವರ ಮುಂದೆ, ಹೊರಗಿನವರ ಮುಂದೆ ಹೇಳಲು ಗೋಡೆಗಾಗಿ ಕಾಯುತ್ತಿದ್ದ ಈ ಮನುಷ್ಯ ಎಂದು ಮೈಯೆಲ್ಲ ಉರಿಯಿತು. ಮನೆಗೆ ಓಡಿ ಸುಣ್ಣ ಕಲಸಿ ತಂದೆ. ಯಾರೂ ಬರುವ ಮೊದಲು ತಿರುವು, ಬೋರ್ಡು, ಹೆಂಗಸರು, ಆನೆ ಎಲ್ಲದರ ಮೇಲೆ ಬಳಿದೆ.

ಕೈ ತೊಳೆಯುವಷ್ಟರಲ್ಲಿ ಪೇಂಟರಣ್ಣ ಬಂದರು. ಗೋಡೆ ನೋಡಿದರು, ನನ್ನ ಸೆರಗಿಗೆ ಸಿಡಿದ ಸುಣ್ಣ ನೋಡಿದರು. ಕೂಗಾಡುತ್ತಾರೆ, ನಾನೂ ಕೂಗಾಡುತ್ತೇನೆ ಎಂದು ಸೊಂಟ ಕಟ್ಟಿ ನಿಂತಿದ್ದೆ. ಅವರು ಹತ್ತಿರ ಹೋಗಿ ಗೋಡೆಯನ್ನು ಹೆಬ್ಬೆರಳಿನಿಂದ ಉಜ್ಜಿದರು.

“ಸುಣ್ಣ ನೀರಾಗೈತೆ ಕಣವ್ವ. ಒಣಗಿದ್ರೆ ಕೆಳಗಿಂದು ಕಾಣ್ತದೆ” ಅಂದರು.

ಬೆದರಿಕೆ ಹಾಕುತ್ತಿದ್ದಾರೆ ಅಂದುಕೊಂಡೆ. ಮಾರನೆಯ ದಿನ ಹೋಗಿ ನೋಡಿದರೆ ಆ ಜಾಗಕ್ಕೆ ಇನ್ನೊಂದು ಕೈ ಬಿದ್ದಿತ್ತು. ಸುಣ್ಣವಲ್ಲ, ದಪ್ಪ ಬಿಳಿ ಬಣ್ಣ. ಒಂದು ಗೆರೆಯೂ ಕಾಣುತ್ತಿರಲಿಲ್ಲ. ಅದಕ್ಕೂ ಅನುಮಾನಪಟ್ಟೆ ನಾನು. ಇದರಲ್ಲಿ ಇವರದ್ದೇನೋ ಲೆಕ್ಕಾಚಾರ ಇದೆ ಎಂದು.

ತೀರ್ಪುಗಾರರು ಚಿತ್ರವನ್ನು ಬಹಳ ಮೆಚ್ಚಿ, ಈ ಬಿಳಿ ಜಾಗ ಯಾಕೆ ಎಂದು ಕೇಳಿದರು. ನಾನು ಸೆರಗು ಹಿಂಡುತ್ತಾ ನಿಂತೆ. ಪೇಂಟರಣ್ಣ, ಬರೆದದ್ದು ಮನಸ್ಸಿಗೆ ಹಿಡಿಸಲಿಲ್ಲ, ನಾನೇ ಅಳಿಸಿದೆ ಎಂದರು. ಮುಗಿಸದ ಚಿತ್ರಕ್ಕೆ ಬಹುಮಾನ ಕೊಡಲು ಬರುವುದಿಲ್ಲ ಎಂದು ಕೆರೆಯ ಹೂಳೆತ್ತುವುದು ಬೇರೆ ಊರಿನ ಪಾಲಾಯಿತು. ಹಾಳು ಮಾಡಿದ ಎಂದು ಊರವರೆಲ್ಲ ಅವರಿಗೆ ಛೀಮಾರಿ ಹಾಕಿದರು. ನಾನೂ ಊರವರ ಜೊತೆ ನಿಂತಿದ್ದೆ, ತಲೆಯಾಡಿಸುತ್ತಾ. ಆಮೇಲೆ ಪೇಂಟರಣ್ಣ ನಮ್ಮ ಬೇಲಿ ದಾಟಲಿಲ್ಲ. ಎರಡು ವರ್ಷಕ್ಕೆ ಎದೆನೋವು ಬಂದು ತೀರಿಕೊಂಡರು. ಸಾವಿನ ಮನೆಗೆ ಹೋದಾಗ ಮನಸ್ಸು ಹಗುರವಾಯಿತು. ಸುಳ್ಳು ಯಾಕೆ ಹೇಳಲಿ, ಇನ್ನು ಹೇಳುವವರಿಲ್ಲ ಅನ್ನುವ ಸಮಾಧಾನ ಅದು. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಈ ವರ್ಷ ಅದೇ ಸ್ಪರ್ಧೆ ಮತ್ತೆ ಬಂದಿದೆ. ಡಬ್ಬ ತೆಗೆದ ದಿನ ವಾಚರ್ ಆ ದಾರಿಯಲ್ಲಿ ಬಂದವನು ಗೋಡೆ ನೋಡುತ್ತಾ ನಿಂತ. ಪೇಂಟರ್ ಇರಬೇಕಿತ್ತು ಅಂದ. ಅವರಿಗೆ ಕೊನೆಗೆ ಆನೆ ಬೋರ್ಡಿನ ಕೆಲಸವನ್ನೂ ಯಾಕೆ ಬಿಡಿಸಿದಿರಿ ಎಂದು ಕೇಳಿದೆ. ಅದನ್ನೂ ಫ್ಲೆಕ್ಸೇ ನುಂಗಿತು ಎಂದು ನಾನು ಅಂದುಕೊಂಡಿದ್ದೆ.

“ಆ ಹೆಂಗ್ಸು ಬಿದ್ದ ಮಾರ್ನೇ ದಿನ ಅವ್ರೇ ಬಂದು ತಪ್ಪೊಪ್ಕೊಂಡ್ರಲ್ಲಕ್ಕ, ನಾವು ಕೇಳೂ ಇರ್ಲಿಲ್ಲ. ಆ ತಿರುವಿನ ಬೋರ್ಡು ಬರೆದಾಗಿತ್ತು, ನನ್ ಸೋಮಾರಿತನಕ್ಕೆ ನೆಡ್ಲಿಲ್ಲ ಅಂತ. ಮೇಲ್ನೋರು ಅವತ್ತೇ ಕೆಲ್ಸ ತಪ್ಪಿಸ್ಬುಟ್ರು.”

ಅವತ್ತೇ. ಅಂದರೆ ಚಿತ್ರಕ್ಕಿಂತ ಒಂದು ವರ್ಷ ಮೊದಲು. ನಾನು ಅವರ ಬಾಯಿ ಕಾಯುತ್ತಾ ಕೂತ ಅಷ್ಟು ದಿನವೂ ಅವರು ನನ್ನ ಪಾಲಿನದ್ದನ್ನು ತಮ್ಮ ಮೇಲೆ ಹಾಕಿಕೊಂಡು ಕೂತಿದ್ದರು. ಆ ಗೋಡೆಯ ಮೇಲೆ ಅವರು ಬರೆದದ್ದು ನನ್ನ ಮೇಲಿನ ದೂರಲ್ಲ. ಕಾಲುವೆಗೆ ಬಿದ್ದ ಆ ಹೆಂಗಸನ್ನು ಅವರು ಕಟ್ಟೆಯ ಮೇಲೆ ಕೂರಿಸಿದ್ದರು, ಅಷ್ಟೇ. ಅದನ್ನೂ ನಾನು ಬಳಿದುಬಿಟ್ಟೆ.

ಜಗಲಿಯ ಮೇಲೆ ನಮ್ಮ ಹೆಂಗಸರು ಬಲಗಡೆಯ ಬಿಳಿ ಜಾಗಕ್ಕೆ ಏನು ಬರೆಯುವುದು ಎಂದು ಜಗಳವಾಡುತ್ತಿದ್ದರು. ಕಾಫಿ ಹೂವು ಬರೆಯೋಣ ಎಂದಳು ಒಬ್ಬಳು. ನಾನು ಎಲ್ಲರನ್ನೂ ಸುಮ್ಮನಿರಿಸಿ, ಅಲ್ಲಿ ಏನಿತ್ತು, ಯಾರು ಅಳಿಸಿದರು, ಬೋರ್ಡು ನೆಡಬೇಡ ಅಂದವರು ಯಾರು, ಎಲ್ಲ ಹೇಳಿದೆ. ಪೇಂಟರಣ್ಣನ ಹೆಂಡತಿ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದರು. ಗಂಡನನ್ನು ಊರು ಬೈದಾಗ ಒಂದು ಮಾತೂ ಆಡದ ಆಕೆ ಈಗ ತಲೆಯೆತ್ತಿದರು.

“ಅವ್ರು ಇದ್ದಾಗ್ಲೇ ಹೇಳ್ಬೋದಿತ್ತಲ್ಲವ್ವ” ಅಂದರು.

ಅವರೇ ಹೇಳಿಬಿಡುತ್ತಾರೆ ಎಂದು ಹೆದರಿಕೊಂಡಿದ್ದೆ ಎಂದೆ.

“ನಂಗೂ ಹೇಳ್ಲಿಲ್ಲ ಕಣವ್ವ ಅವ್ರು” ಅಂದರು.